ವೇದಿಕೆಯ ಮೇಲೆ ಹುಟ್ಟುವ ಸಂಗೀತ

ಬರೆದಿಟ್ಟುದನ್ನು ಓದುವುದು ಒಂದು ವಿದ್ಯೆ. ಸಭೆಯ ನಡುವೆ ನಿಂತು ಸಮಯಕ್ಕೆ ತಕ್ಕ ಮಾತನ್ನು ತಾನೇ ಕಟ್ಟಿ ಆಡುವುದು ಇನ್ನೊಂದು ವಿದ್ಯೆ. ಸಂಗೀತದಲ್ಲಿಯೂ ಈ ಎರಡು ಬಗೆಗಳುಂಟು. ವಾಗ್ಗೇಯಕಾರರು ರಚಿಸಿಟ್ಟ ಕೃತಿಗಳನ್ನು ಗುರುಮುಖದಿಂದ ಕಲಿತು ಹಾಡುವುದು ಕಲ್ಪಿತ ಸಂಗೀತ. ರಾಗ ತಾಳಗಳ ಕಟ್ಟಿನೊಳಗೆ ನಿಂತು, ಕಲಾವಿದನು ತನ್ನ ಪ್ರತಿಭೆಯಿಂದ ಆ ಕ್ಷಣದಲ್ಲಿಯೇ ಹೊಸದನ್ನು ಸೃಷ್ಟಿಸುವುದು ಮನೋಧರ್ಮ ಸಂಗೀತ. ರಾಗಾಲಾಪನೆ, ತಾನ, ನೆರವಲ್, ಕಲ್ಪನಾಸ್ವರ, ಮೃದಂಗದವರ ತನಿ ಆವರ್ತನ ಇವೆಲ್ಲ ಈ ಎರಡನೆಯ ಬಗೆಗೆ ಸೇರಿದವು.

ಇದರ ಪರಿಚಯಕ್ಕಾಗಿ ದೂರ ಹೋಗಬೇಕಾದುದಿಲ್ಲ. ಚಿಕ್ಕಬಳ್ಳಾಪುರದ ಬಳಿಯ ನಂದಿಯಲ್ಲಿ ಶಿವರಾತ್ರಿಯ ಕಾಲಕ್ಕೆ ಭೋಗನಂದೀಶ್ವರನ ರಥೋತ್ಸವ ನಡೆಯುತ್ತದೆ. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಗುರುಪೂರ್ಣಿಮೆಯ ಸಂದರ್ಭದಲ್ಲಿ ಸಂಗೀತೋತ್ಸವ ನಡೆಯುತ್ತದೆ. ಗೌರಿಬಿದನೂರು, ಶಿಡ್ಲಘಟ್ಟಗಳ ಕಡೆಯ ಮದುವೆಯ ಚಪ್ಪರಗಳಲ್ಲಿ ಓಲಗದ ನಾದ ಕೇಳದವರಾರು? ಉತ್ಸವದ ಮೆರವಣಿಗೆ ಬೀದಿಯ ತಿರುವಿನಲ್ಲಿ ನಿಂತಾಗ ನಾಗಸ್ವರದವರು ಒಂದು ರಾಗವನ್ನು ಹಿಡಿದು ಬೆಳೆಸುತ್ತಾರೆ. ದೇವರ ಮುಂದೆ ಆರತಿ ಎಷ್ಟು ಹೊತ್ತು ನಡೆಯುವುದೆಂದು ಅವರಿಗೆ ಮುಂಚಿತವಾಗಿ ತಿಳಿದಿರುವುದಿಲ್ಲ. ಮೆರವಣಿಗೆ ಕದಲುವ ಸೂಚನೆ ದೊರೆತೊಡನೆ ರಾಗವನ್ನು ಕಡಿದು ಹಾಕಿದಂತೆ ತೋರದ ಹಾಗೆ ಮುಗಿಸಬೇಕು. ಯಾವ ಹೊತ್ತಗೆಯಲ್ಲಿಯೂ ಬರೆದಿರದ ಈ ಜಾಣ್ಮೆಯೇ ಮನೋಧರ್ಮ.

ಸಾಗರದಾಚೆಯ ಅಮೆರಿಕ ದೇಶದಲ್ಲಿಯೂ ಇಂತಹದೇ ಒಂದು ಕಲೆ ಬೆಳೆಯಿತು. ಹತ್ತೊಂಬತ್ತನೆಯ ಶತಮಾನದ ಕೊನೆ ಮತ್ತು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ನ್ಯೂ ಆರ್ಲಿಯನ್ಸ್ ನಗರದ ಕರಿಯ ಜನಾಂಗದ ಸಂಗೀತಗಾರರಲ್ಲಿ ರೂಪುಗೊಂಡ ಆ ಸಂಗೀತಕ್ಕೆ ಜಾಝ್ ಎಂದು ಹೆಸರು. ಅದರಲ್ಲಿ ಮೊದಲು ಎಲ್ಲರೂ ಕೂಡಿ ಒಂದು ಗೀತವನ್ನು ನುಡಿಸುತ್ತಾರೆ. ಅನಂತರ ಸರದಿಯಂತೆ ಒಬ್ಬೊಬ್ಬರು ಆ ಗೀತದ ಆಧಾರದ ಮೇಲೆ ತಮ್ಮ ಕಲ್ಪನೆಯನ್ನು ಹರಿಯಬಿಡುತ್ತಾರೆ. ಉಳಿದವರು ಲಯವನ್ನು ಹಿಡಿದು ಒತ್ತಾಸೆ ನೀಡುತ್ತಾರೆ. ಕಡೆಗೆ ಎಲ್ಲರೂ ಮೊದಲಿನ ಗೀತಕ್ಕೆ ಹಿಂದಿರುಗುತ್ತಾರೆ.

ಹೀಗೆ ಸ್ವತಂತ್ರವಾಗಿ ನುಡಿಸುವುದೆಂದರೆ ಮನಬಂದಂತೆ ನುಡಿಸುವುದೆಂದು ಕೆಲವರು ಭಾವಿಸುತ್ತಾರೆ. ಅದು ಸರಿಯಲ್ಲವೆಂಬುದಕ್ಕೆ ಒಂದು ಸಣ್ಣ ಲೆಕ್ಕವೇ ಸಾಕ್ಷಿ. ಆದಿತಾಳದ ಒಂದು ಆವರ್ತಕ್ಕೆ 8 ಅಕ್ಷರಗಳು. ಅಕ್ಷರಕ್ಕೆ 4ರಂತೆ 32 ಮಾತ್ರೆಗಳು. ಗಾಯಕನು 7 ಮಾತ್ರೆಗಳ ಒಂದು ಸ್ವರಗುಚ್ಛವನ್ನು ಮೂರು ಬಾರಿ ಹಾಡಿ ಮುಕ್ತಾಯ ಮಾಡಬೇಕೆಂದುಕೊಂಡರೆ ಅದಕ್ಕೆ 21 ಮಾತ್ರೆಗಳು ಬೇಕು. ಪಲ್ಲವಿಯು ಸಮದಲ್ಲಿ ಆರಂಭವಾಗುವುದಾದರೆ, ಆವರ್ತದ 11 ಮಾತ್ರೆಗಳು ಕಳೆದೊಡನೆ ಅವನು ಆ ಗುಚ್ಛವನ್ನು ಎತ್ತಿಕೊಳ್ಳಬೇಕು. ಒಂದು ಮಾತ್ರೆ ತಪ್ಪಿದರೂ ಮುಕ್ತಾಯವು ತಾಳದಿಂದ ಜಾರುತ್ತದೆ. ಹಾಡುತ್ತಿರುವಾಗಲೇ ಲೆಕ್ಕ ಹಾಕಬೇಕು. ಆದರೆ ಲೆಕ್ಕ ಹಾಕಿದುದು ಕೇಳುವವರಿಗೆ ಕಾಣಬಾರದು. ಸರಾಗವಾಗಿ ಹರಿದುಬರುವ ಕಲ್ಪನೆಯ ಹಿಂದೆ ಬಹುಕಾಲದ ಸಾಧನೆ ಅಡಗಿರುತ್ತದೆ.

ಇಂತಹ ಸಾಧನೆಗೆ ಕನ್ನಡ ನಾಡಿನ ಒಂದು ಉಜ್ವಲ ನಿದರ್ಶನ ಕದ್ರಿ ಗೋಪಾಲನಾಥರದು. ಅವರು 1949ರಲ್ಲಿ ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನಲ್ಲಿ ಜನಿಸಿದರು. ತಂದೆ ತನಿಯಪ್ಪನವರು ನಾಗಸ್ವರ ವಾದಕರು. ಮಗನೂ ಅದೇ ವಾದ್ಯವನ್ನು ಹಿಡಿಯುವುದು ಸಹಜವಾಗಿತ್ತು. ಆದರೆ ಬಾಲಕನು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ವಾದ್ಯವನ್ನು ಕಂಡು ಅದಕ್ಕೆ ಮನಸೋತನು. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬ ವಾದ್ಯಶಿಲ್ಪಿ ನಿರ್ಮಿಸಿ, 1846ರಲ್ಲಿ ಹಕ್ಕುಪತ್ರ ಪಡೆದ ಈ ವಾದ್ಯವು ನಮ್ಮ ಸಂಗೀತಕ್ಕೆ ಸುಲಭವಾಗಿ ಒಗ್ಗುವಂತಹುದಲ್ಲ. ನಾಗಸ್ವರದ ರಂಧ್ರಗಳು ತೆರೆದಿರುತ್ತವೆ. ಬೆರಳನ್ನು ಅರೆಯಾಗಿ ಮುಚ್ಚಿ, ಉಸಿರಿನ ಬಲವನ್ನು ಹೆಚ್ಚುಕಡಿಮೆ ಮಾಡಿ ಸ್ವರವನ್ನು ಜಾರಿಸಬಹುದು, ಕಂಪಿಸಬಹುದು. ಸ್ಯಾಕ್ಸೊಫೋನಿನ ರಂಧ್ರಗಳನ್ನು ಲೋಹದ ಕೀಲಿಗಳು ಮುಚ್ಚಿ ತೆರೆಯುತ್ತವೆ. ಅಲ್ಲಿ ಸ್ವರಗಳು ಮೆಟ್ಟಿಲುಗಳಂತೆ ಬೇರೆ ಬೇರೆಯಾಗಿ ನಿಲ್ಲುತ್ತವೆ. ಗಮಕವೇ ಜೀವಾಳವಾದ ಕರ್ನಾಟಕ ಸಂಗೀತವನ್ನು ಅದರಲ್ಲಿ ನುಡಿಸುವುದು ಹೇಗೆ? ಗೋಪಾಲನಾಥರು ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿಯೂ, ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿಯೂ ಶಿಕ್ಷಣ ಪಡೆದರು. ವರ್ಷಗಟ್ಟಲೆ ಶ್ರಮಿಸಿ ಆ ವಿದೇಶೀ ವಾದ್ಯದಿಂದ ನಾಗಸ್ವರದ ಗಾಂಭೀರ್ಯವನ್ನೂ ಗಮಕದ ಮಾರ್ದವವನ್ನೂ ಹೊರಡಿಸಿದರು.

1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅವರ ವಾದನ ನಡೆಯಿತು. ಅಲ್ಲಿಗೆ ಬಂದಿದ್ದ ಜಾನ್ ಹ್ಯಾಂಡಿ ಎಂಬ ಅಮೆರಿಕದ ಪ್ರಸಿದ್ಧ ಸ್ಯಾಕ್ಸೊಫೋನ್ ವಾದಕರು ಅದನ್ನು ಕೇಳಿ ಬೆರಗಾದರು. ವೇದಿಕೆಯ ಮೇಲೆ ತಾವೂ ಜೊತೆಗೂಡಬಹುದೇ ಎಂದು ಕೇಳಿಕೊಂಡರು. ಹ್ಯಾಂಡಿಯವರಿಗೆ ಭಾರತೀಯ ಸಂಗೀತ ಅಪರಿಚಿತವಾಗಿರಲಿಲ್ಲ. 1975ರಲ್ಲಿಯೇ ಅವರು ಸರೋದ್ ವಿದ್ವಾಂಸರಾದ ಅಲಿ ಅಕ್ಬರ್ ಖಾನರೊಡನೆ ಒಂದು ಧ್ವನಿಮುದ್ರಿಕೆಗಾಗಿ ನುಡಿಸಿದ್ದರು. ಹೀಗೆ ಕರಾವಳಿಯ ನಾಗಸ್ವರದ ಮನೆಯಲ್ಲಿ ಬೆಳೆದವರೂ ಜಾಝ್ ಪರಂಪರೆಯಲ್ಲಿ ಬೆಳೆದವರೂ ಒಂದೇ ಬಗೆಯ ವಾದ್ಯವನ್ನು ಹಿಡಿದು ಒಂದೇ ವೇದಿಕೆಯಲ್ಲಿ ಎದುರಾದರು.

ವಾದ್ಯ ಒಂದೇ ಆದರೂ ಇಂತಹ ಜೊತೆಗಾರಿಕೆ ಸುಲಭವಲ್ಲ. ನಮ್ಮಲ್ಲಿ ತಂಬೂರಿಯ ಶ್ರುತಿ ಕಚೇರಿಯ ಉದ್ದಕ್ಕೂ ಕದಲದೆ ನಿಲ್ಲುತ್ತದೆ. ಜಾಝ್‌ನಲ್ಲಿ ಸಾಮಾನ್ಯವಾಗಿ ಹಲವು ಸ್ವರಗಳು ಒಮ್ಮೆಗೇ ನುಡಿಯುವ ಸ್ವರಮೇಳಗಳು ಒಂದಾದಮೇಲೊಂದು ಬದಲಾಗುತ್ತ ಹೋಗುತ್ತವೆ. ಮೋಹನ ರಾಗವನ್ನೇ ನೋಡಬಹುದು. ಅದರ ಸ, ರಿ, ಗ, ಪ, ಧ ಎಂಬ ಐದು ಸ್ವರಗಳು ಪಾಶ್ಚಾತ್ಯರಿಗೂ ಪರಿಚಿತವಾದ ಮೇಳವೇ. ಆದರೆ ಜಾಝ್ ವಾದಕನು ಬಣ್ಣ ತುಂಬಲೆಂದು ನಡುವೆ ಒಂದು ಮಧ್ಯಮವನ್ನು ಸೇರಿಸಿದರೆ ಅವನ ಪದ್ಧತಿಯಲ್ಲಿ ಅದು ಸೊಗಸು. ನಮ್ಮ ಪದ್ಧತಿಯಲ್ಲಿ ರಾಗಭಂಗ. ಆದುದರಿಂದ ಇಬ್ಬರೂ ಕೂಡಿ ನುಡಿಸುವಾಗ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕವಿರಬೇಕು. ಒಬ್ಬರು ಇನ್ನೊಬ್ಬರನ್ನು ಮೀರಿಸಲು ಹೊರಟರೆ ಸಂಗೀತ ಕದನವಾಗುತ್ತದೆ. ಇಬ್ಬರೂ ಅಂಜಿ ಹಿಂಜರಿದರೆ ಸಪ್ಪೆಯಾಗುತ್ತದೆ. ತಪ್ಪಿದರೆ ತಿದ್ದಿ ಬರೆಯಲು ಅಲ್ಲಿ ಹಾಳೆಯಿಲ್ಲ. ತಪ್ಪಿದುದು ಸಭೆಯ ಕಿವಿಗೆ ಆಗಲೇ ಬಿದ್ದಿರುತ್ತದೆ. ವರ್ಷಗಳಿಂದ ಗಳಿಸಿದ ಹೆಸರನ್ನು ಒಂದು ಸಂಜೆಗೆ ಪಣವಾಗಿಡುವ ಧೈರ್ಯ ಅದಕ್ಕೆ ಬೇಕು.

ಈ ಧೈರ್ಯ ಗೋಪಾಲನಾಥರಿಗೆ ಜಗತ್ತಿನ ಬಾಗಿಲನ್ನು ತೆರೆಯಿತು. 1994ರಲ್ಲಿ ಅವರು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿ.ಬಿ.ಸಿ. ಸಂಸ್ಥೆಯ ಪ್ರಾಮ್ಸ್ ಸಂಗೀತೋತ್ಸವದಲ್ಲಿ ನುಡಿಸಿದರು. 2004ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆಯಿತು. ಅಮೆರಿಕದಲ್ಲಿ ಬೆಳೆದ ಭಾರತೀಯ ಮೂಲದ ಜಾಝ್ ವಾದಕ ರುದ್ರೇಶ ಮಹಂತಪ್ಪನವರು ಅವರೊಡನೆ ನುಡಿಸಿದ ಧ್ವನಿಮುದ್ರಿಕೆ 2008ರಲ್ಲಿ ಹೊರಬಂದಿತು. 2019ರ ಅಕ್ಟೋಬರ್ 11ರಂದು ಗೋಪಾಲನಾಥರು ತೀರಿಕೊಂಡರು.

ಈ ಕೊಡುಕೊಳೆ ಒಂದೇ ದಿಕ್ಕಿನಲ್ಲಿ ನಡೆದುದಲ್ಲ. ಚಾರ್ಲಿ ಮರಿಯಾನೋ ಎಂಬ ಅಮೆರಿಕದ ಸ್ಯಾಕ್ಸೊಫೋನ್ ವಾದಕರು ಭಾರತೀಯ ಸಂಗೀತಕ್ಕೆ ಒಲಿದು ನಾಗಸ್ವರವನ್ನು ಅಭ್ಯಾಸ ಮಾಡಿದರು. ಬೆಂಗಳೂರಿನ ಕರ್ನಾಟಕ ತಾಳವಾದ್ಯ ಕಲಾಶಾಲೆಯ ಟಿ.ಎ.ಎಸ್. ಮಣಿ ಮತ್ತು ಗಾಯಕಿ ಆರ್.ಎ. ರಮಾಮಣಿ ಅವರೊಡಗೂಡಿ ಅವರು ನುಡಿಸಿದ 'ಜ್ಯೋತಿ' ಎಂಬ ಧ್ವನಿಮುದ್ರಿಕೆ 1983ರಲ್ಲಿ ಮುದ್ರಿತವಾಯಿತು. ನಾಗಸ್ವರದ ಮನೆಯವರು ಸ್ಯಾಕ್ಸೊಫೋನನ್ನು ಹಿಡಿದರು. ಸ್ಯಾಕ್ಸೊಫೋನಿನವರು ನಾಗಸ್ವರವನ್ನು ಅರಸಿ ಬಂದರು. ಯಾರೂ ತಮ್ಮ ಮನೆಯ ವಿದ್ಯೆಯನ್ನು ತೊರೆಯಲಿಲ್ಲ. ತಮ್ಮದರಲ್ಲಿ ಬೇರು ಬಿಟ್ಟಿದ್ದುದರಿಂದಲೇ ಪರರದನ್ನು ಅಂಜಿಕೆಯಿಲ್ಲದೆ ಸ್ವೀಕರಿಸಿದರು.

ಇಂತಹ ಸಂಗೀತವನ್ನು ಕೇಳುವವರಿಗೂ ಸ್ವಲ್ಪ ಸಿದ್ಧತೆ ಬೇಕು. ತಿಳಿದ ಹಾಡು ಯಾವಾಗ ಬಂದೀತೆಂದು ಕಾಯುತ್ತ ಕುಳಿತವರಿಗೆ ಅದು ಗೊಂದಲವಾಗಿ ತೋರಬಹುದು. ಒಬ್ಬ ವಾದಕನು ಎಸೆದ ಸ್ವರಗುಚ್ಛವನ್ನು ಇನ್ನೊಬ್ಬನು ಹೇಗೆ ಹಿಡಿದನು, ಅದನ್ನು ಹೇಗೆ ತಿರುಗಿಸಿ ಹಿಂದಕ್ಕೆ ಕೊಟ್ಟನು, ಯಾವಾಗ ತಾನು ಸುಮ್ಮನಾಗಿ ಜೊತೆಗಾರನಿಗೆ ಎಡೆಮಾಡಿಕೊಟ್ಟನು ಎಂಬುದರತ್ತ ಗಮನವಿಟ್ಟರೆ ಅದರ ಸವಿ ತಿಳಿಯುತ್ತದೆ. ವೇದಿಕೆಯ ಮೇಲಿರುವವರು ನುಡಿಸುವಷ್ಟೇ ಶ್ರದ್ಧೆಯಿಂದ ಪರಸ್ಪರ ಕೇಳುತ್ತಿರುತ್ತಾರೆ. ಕೇಳಲು ಬಲ್ಲವನೇ ಅಲ್ಲಿ ನುಡಿಸಲು ಬಲ್ಲವನು.