ಮಳೆಗಾಲದಲ್ಲಿ ಸ್ನೂಕರ್ ಪಾಕೆಟ್ ಚಿಕ್ಕದಾಗುತ್ತಾ?

ವಾಮಂಜೂರು: ಜೂನ್ ಬಂತೆಂದರೆ ಅಂಗಡಿಯಲ್ಲಿ ಉಪ್ಪು ನೀರು ಬಿಡುತ್ತದೆ, ಹಪ್ಪಳ ಮೆತ್ತಗಾಗುತ್ತದೆ. ಕೇರಂ ಬೋರ್ಡಿಗೆ ಎಷ್ಟು ಪೌಡರ್ ಹಾಕಿದರೂ ಸ್ಟ್ರೈಕರ್ ಅರ್ಧಕ್ಕೇ ನಿಲ್ಲುತ್ತದೆ. ಇದೇ ತೇವ ಸ್ನೂಕರ್ ಟೇಬಲ್ಲಿಗೂ ತಗಲುತ್ತದೆ. ಬೇಸಿಗೆಯಲ್ಲಿ ಸಲೀಸಾಗಿ ಬೀಳುತ್ತಿದ್ದ ಬಾಲ್ ಪಾಕೆಟ್ ಬಾಯಿಗೆ ಬಡಿದು ವಾಪಸ್ ಬರುತ್ತದೆ. ಹುಡುಗರು ತಮ್ಮ ಕೈಯನ್ನೇ ಬೈದುಕೊಳ್ಳುತ್ತಾರೆ. ಆದರೆ ತಪ್ಪು ಪೂರ್ತಿ ಕೈಯದ್ದಲ್ಲ.

ಟೇಬಲ್ಲಿನ ಹಸಿರು ಬಟ್ಟೆ ಉಣ್ಣೆಯದ್ದು, ಗಾಳಿಯ ತೇವ ಹೀರುತ್ತದೆ. ಆಗ ಬಾಲ್ ನಿಧಾನವಾಗುತ್ತದೆ. ಅಷ್ಟೇ ದೂರ ಓಡಿಸಲು ಜೋರಾಗಿ ಹೊಡೆಯಬೇಕು. ಸಮಸ್ಯೆ ಶುರುವಾಗುವುದು ಇಲ್ಲೇ. ಬಾಲ್ ಅಗಲ 52.5 ಮಿ.ಮೀ. ಮೂಲೆ ಪಾಕೆಟ್ಟಿನ ಬಾಯಿ ಸುಮಾರು ಮೂರೂವರೆ ಇಂಚು, ಅಂದರೆ 89 ಮಿ.ಮೀ. ಆಸುಪಾಸು. ಬಾಲ್ ಸರಿಯಾಗಿ ನಡುವಿನಲ್ಲಿ ಹೋದರೂ ಒಂದೊಂದು ಬದಿಗೆ ಉಳಿಯುವುದು 18 ಮಿ.ಮೀ. ಮಾತ್ರ. ಮೆಲ್ಲಗೆ ಬಂದ ಬಾಲ್ ಅಂಚಿಗೆ ತಾಗಿದರೂ ಜಾರಿ ಒಳಗೆ ಬೀಳುತ್ತದೆ. ಜೋರಾಗಿ ಬಂದದ್ದು ಎರಡು ಅಂಚುಗಳ ನಡುವೆ ಬಡಿದಾಡಿ ಹೊರಗೆ ಬರುತ್ತದೆ. ಅಳತೆ ಬದಲಾಗದಿದ್ದರೂ ಆಡುವವನ ಪಾಲಿಗೆ ಪಾಕೆಟ್ ಚಿಕ್ಕದಾಗುವುದು ಹೀಗೆ.

ಬಾಯಿಯ ಅಗಲವೊಂದೇ ನೋಡಿದರೆ ಸಾಲದು. ಕುಶನ್ ಪಾಕೆಟ್ ಹತ್ತಿರ ಎಷ್ಟು ದುಂಡಗೆ ತಿರುಗಿದೆ, ಅಡಿಯಲ್ಲಿ ಎಷ್ಟು ಒಳಗೆ ಕತ್ತರಿಸಿದೆ ಎಂಬುದೂ ಮುಖ್ಯ. ಅದಕ್ಕೇ ವೃತ್ತಿಪರ ಟೂರ್ನಿಗಳಲ್ಲಿ ಅಚ್ಚು ಇಟ್ಟು ಪಾಕೆಟ್ ಅಳೆಯುತ್ತಾರೆ. ಸ್ಲೇಟ್ ಕಲ್ಲಿನ ಅಡಿಗೆ ಕರೆಂಟ್ ಹೀಟರ್ ಕೊಟ್ಟು ಬಟ್ಟೆ ಒಣಗಿರುವಂತೆ ನೋಡಿಕೊಳ್ಳುತ್ತಾರೆ. ಬೆಂಗಳೂರಿನ ಪಂಕಜ್ ಅಡ್ವಾಣಿ 2012ರಿಂದ ಎರಡು ಸೀಸನ್ ವೃತ್ತಿಪರ ಸರ್ಕ್ಯೂಟಿನಲ್ಲಿ ಆಡಿದ್ದು ಇಂಥ ಟೇಬಲ್ಲುಗಳ ಮೇಲೆ.

ಗಂಟೆ ಲೆಕ್ಕದ ಪಾರ್ಲರ್‌ಗಳ ಕಥೆ ಬೇರೆ. ಪಾಕೆಟ್ ಧಾರಾಳವಾಗಿದ್ದರೆ ಬಾಲ್ ಬೀಳುತ್ತಾ ಇರುತ್ತದೆ, ಗಿರಾಕಿಗೆ ಖುಷಿ. ವ್ಯಾಪಾರಕ್ಕೆ ಅದು ತಪ್ಪೂ ಅಲ್ಲ. ಆದರೆ ಅದರಲ್ಲೇ ಪಳಗಿದ ಹುಡುಗ ಬೆಂಗಳೂರಿಗೆ ರಾಜ್ಯ ಮಟ್ಟದ ಟೂರ್ನಿಗೆ ಹೋದರೆ, ಬಸ್ ಚಾರ್ಜು, ಎಂಟ್ರಿ ಫೀಸು ಎಲ್ಲ ಕೊಟ್ಟು ಮೊದಲ ರೌಂಡಿನಲ್ಲೇ ವಾಪಸ್ ಬರಬೇಕಾದೀತು.

ಹೀಟರ್ ಎಲ್ಲರಿಗೂ ಆಗುವ ಖರ್ಚಲ್ಲ, ಕರೆಂಟ್ ಬಿಲ್ ನೆನೆಸಿಕೊಂಡರೇ ಸಾಕು. ಮಳೆ ದಿನ ಕಿಟಕಿ ಮುಚ್ಚಿ, ಬಟ್ಟೆಗೆ ಬ್ರಷ್ ಹೊಡೆದು, ಟೇಬಲ್ಲಿಗೆಂದೇ ಬರುವ ಇಸ್ತ್ರಿ ಹಾಕಿದರೆ ವೇಗ ಸ್ವಲ್ಪವಾದರೂ ಮರಳುತ್ತದೆ. ಎರಡನ್ನೂ ರೋಮ ಮಲಗಿದ ದಿಕ್ಕಿಗೇ, ಅಂದರೆ ಆಟ ಶುರುವಾಗುವ ತುದಿಯಿಂದ ಕಪ್ಪು ಬಾಲ್ ಇಡುವ ಕಡೆಗೇ ಮಾಡಬೇಕು. ಆಡುವವರಿಗೆ ಇನ್ನೂ ಸುಲಭದ ಪರೀಕ್ಷೆಯಿದೆ: ಹೊಸ ಟೇಬಲ್ಲಿನಲ್ಲಿ ಫ್ರೇಮ್ ಶುರು ಮಾಡುವ ಮೊದಲು ಕುಶನ್ ಪಕ್ಕದಲ್ಲೇ ಒಂದು ಬಾಲನ್ನು ಮೂಲೆ ಪಾಕೆಟ್ಟಿಗೆ ಒಮ್ಮೆ ಮೆಲ್ಲಗೆ, ಒಮ್ಮೆ ಜೋರಾಗಿ ಹೊಡೆದು ನೋಡುವುದು.