ಹಳೇ ಫೋಟೊದ ಕಂದು ಬಣ್ಣ: ಬಿಳಿ ಅಂಗಿ ಬಿಳಿಯಾಗಿಯೇ ಇರಲಿ

ಕೊಟ್ಟೂರಿನ ನಮ್ಮ ಮದ್ರಸಕ್ಕೆ ಬರುವ ಹುಡುಗನೊಬ್ಬ ಒಂದು ದಿನ ನೋಟ್‌ಬುಕ್ಕಿನ ನಡುವೆ ಹಳೇ ಫೋಟೊ ಇಟ್ಟುಕೊಂಡು ಬಂದ. ಅವನ ಅಜ್ಜನದು. ಹರಪನಹಳ್ಳಿಯ ಸ್ಟುಡಿಯೊದಲ್ಲಿ ತೆಗೆಸಿದ್ದಂತೆ. ಕಂದು ಬಣ್ಣದ ಚಿತ್ರ, ಒಂದು ಮೂಲೆಯನ್ನು ಗೆದ್ದಲು ತಿಂದಿದೆ. ಅಜ್ಜ ತೀರಿಹೋಗಿದ್ದಾರೆ, ಮನೆಯಲ್ಲಿ ಉಳಿದಿರುವುದು ಇದೊಂದೇ ಫೋಟೊ. ‘ದಾದಿ ಇನ್ನೊಂದು ಪ್ರಿಂಟ್ ಕೇಳ್ಯಾರ ಹಜ್ರತ್’ ಎಂದ. ಊರಲ್ಲಿ ನಾವು ಉಸ್ತಾದ್, ಈ ಕಡೆ ಬಂದರೆ ಹಜ್ರತ್.

ಪ್ರಶ್ನೆಪತ್ರಿಕೆ ತೆಗೆಯಲು ಮನೆಯಲ್ಲಿ ಒಂದು ಸಣ್ಣ ಇಂಕ್ ಟ್ಯಾಂಕ್ ಪ್ರಿಂಟರ್ ಇಟ್ಟುಕೊಂಡಿದ್ದೇನೆ. ಫೋಟೊ ಸ್ಕ್ಯಾನ್ ಮಾಡಿದೆ, ಕಂಪ್ಯೂಟರಿನಲ್ಲಿ ‘ಸೀಪಿಯಾ’ ಎಂದಿದ್ದ ಬಟನ್ ಒತ್ತಿದೆ, ಪ್ರಿಂಟ್ ತೆಗೆದೆ. ಹತ್ತು ನಿಮಿಷದ ಕೆಲಸ. ದಾದಿ ಅದನ್ನು ಬಾಗಿಲ ಬೆಳಕಿಗೆ ಹಿಡಿದು ಸುಮಾರು ಹೊತ್ತು ನೋಡಿದರು. ‘ಇವ್ರಿಗೆ ಕಾಮಾಲಿ ಆದಂಗ ಕಾಣ್ತೈತಲ್ರಿ ಹಜ್ರತ್. ಅವ್ರ ಅಂಗಿ ಎಂದೂ ಹಿಂಗ ಇರ್ಲಿಲ್ಲ. ನಾನೇ ನೀಲಿ ಹಾಕಿ ಒಗೀತಿದ್ದೆ.’

ಅವರು ಹೇಳಿದ್ದೇ ಸರಿ. ಮುಖ, ಟೋಪಿ, ಅಂಗಿ, ಹಿಂದಿನ ಪರದೆ ಎಲ್ಲದಕ್ಕೂ ಒಂದೇ ಹಳದಿ ಬಳಿದ ಹಾಗಿತ್ತು. ಆಮೇಲೆ ನಾನು ಈ ಕಂದು ಬಣ್ಣದ ಹಿಂದೆ ಬಿದ್ದೆ.

ಬೊಂಡಾಸ್‌ನಿಂದ ಬಂದ ಹೆಸರು

ನಮ್ಮ ಕರಾವಳಿಯವರಿಗೆ ಕಪ್ಪೆ ಬೊಂಡಾಸ್ ಗೊತ್ತು. ಶುಚಿ ಮಾಡುವಾಗ ಚೀಲ ಒಡೆದರೆ ಕೈಯೆಲ್ಲ ಮಸಿ. ಆ ಜೀವಿಯ ಶಾಸ್ತ್ರೀಯ ಹೆಸರೇ ಸೀಪಿಯಾ. ಅದರ ಮಸಿಯಿಂದ ಯುರೋಪಿನ ಚಿತ್ರಕಾರರು ಕಂದು ಬಣ್ಣ ಮಾಡುತ್ತಿದ್ದರು. ಫೋಟೊಗೆ ಬಂದದ್ದು ಹೆಸರು ಮಾತ್ರ, ಮಸಿ ಅಲ್ಲ.

ಕಪ್ಪು ಬಿಳುಪು ಫೋಟೊದಲ್ಲಿ ಕಪ್ಪಾಗಿ ಕಾಣುವುದು ಬೆಳ್ಳಿಯ ಸೂಕ್ಷ್ಮ ಕಣಗಳು. ಸ್ಟುಡಿಯೊದವರು ಆ ಪ್ರಿಂಟನ್ನು ಮೊದಲು ಪೊಟ್ಯಾಸಿಯಂ ಫೆರಿಸಯನೈಡ್ ಮತ್ತು ಬ್ರೋಮೈಡ್ ದ್ರಾವಣದಲ್ಲಿ ಅದ್ದಿ ಚಿತ್ರವನ್ನು ಮಂಕು ಮಾಡುತ್ತಿದ್ದರು. ತೊಳೆದು ಸೋಡಿಯಂ ಸಲ್ಫೈಡ್‌ಗೆ ಹಾಕಿದರೆ ಚಿತ್ರ ಕಂದಾಗಿ ಮರಳುತ್ತದೆ. ಬೆಳ್ಳಿ ಈಗ ಸಿಲ್ವರ್ ಸಲ್ಫೈಡ್ ಆಗಿರುತ್ತದೆ. ಅದು ಬರೀ ಬೆಳ್ಳಿಗಿಂತ ಗಟ್ಟಿ, ಗಾಳಿಗೆ ಬೇಗ ಕೆಡುವುದಿಲ್ಲ. ಅಂದ ಮಾತ್ರವಲ್ಲ, ಬಾಳಿಕೆಯೂ ಸಿಗುತ್ತಿತ್ತು. ಆದರೆ ಈ ಕೆಲಸವನ್ನು ಅಡುಗೆ ಮನೆಯಲ್ಲಿ ಮಾಡಲು ಹೋಗಬೇಡಿ. ಕೊಳೆತ ಮೊಟ್ಟೆಯ ವಾಸನೆಯ ಆ ಅನಿಲ ವಿಷ.

ಇಲ್ಲಿ ಮುಖ್ಯ ಮಾತು ಒಂದಿದೆ. ಬೆಳ್ಳಿ ಇದ್ದಲ್ಲಿ ಮಾತ್ರ ಕಂದು ಬರುತ್ತದೆ. ಬಿಳಿ ಅಂಗಿಯ ಜಾಗದಲ್ಲಿ ಬೆಳ್ಳಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಆದ್ದರಿಂದ ಅಲ್ಲಿ ಕಾಗದದ ಬಿಳಿಯೇ ಉಳಿಯುತ್ತದೆ. ಕಂಪ್ಯೂಟರಿನ ಬಟನ್‌ಗೆ ಇದು ತಿಳಿಯುವುದಿಲ್ಲ, ಅದು ಎಲ್ಲದರ ಮೇಲೂ ಬಣ್ಣ ಚೆಲ್ಲುತ್ತದೆ.

ಕಂದೆಲ್ಲ ಸೀಪಿಯಾ ಅಲ್ಲ

ಹಗರಿಬೊಮ್ಮನಹಳ್ಳಿ ದಾಟಿ ಹೊಸಪೇಟೆ ಕಡೆ ಹೋದರೆ ಹಂಪಿ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಹಾಕಿದ ಕಾಗದದ ನೆಗೆಟಿವ್‌ಗಳಲ್ಲಿ ಅಲ್ಲಿನ ಗುಡಿ ಗೋಪುರಗಳನ್ನು ಹಿಡಿದಿಟ್ಟ. ಆ ಕಾಲದ ಉಪ್ಪು ಕಾಗದದ ಪ್ರಿಂಟುಗಳು, ಮೊಟ್ಟೆಯ ಬಿಳಿ ಲೇಪಿಸಿದ ಕಾಗದದ ಪ್ರಿಂಟುಗಳು ತಾವಾಗಿಯೇ ಕಂದು. ನಮ್ಮ ಮನೆಗಳಲ್ಲಿ ಸಿಗುವ ಇನ್ನು ಕೆಲವು ಫೋಟೊಗಳು ಸರಿಯಾಗಿ ತೊಳೆಯದೆ ಹಳದಿಯಾದವು. ಅಂಚಿನಲ್ಲಿ, ತೇಪೆ ತೇಪೆಯಾಗಿ ಬಣ್ಣ ತಿರುಗಿದ್ದರೆ ಅದು ರೋಗ, ಸೀಪಿಯಾ ಅಲ್ಲ. ಯಾವುದನ್ನು ನಕಲು ಮಾಡುತ್ತಿದ್ದೇವೆ ಎಂದು ಮೊದಲು ನೋಡಿಕೊಳ್ಳಬೇಕು.

ಮನೆಯಲ್ಲಿ ಹೀಗೆ ಮಾಡಿ

ಕಂದು ಫೋಟೊವನ್ನೂ ಕಲರ್‌ನಲ್ಲೇ ಸ್ಕ್ಯಾನ್ ಮಾಡಿ, 600 ಡಿಪಿಐ ಇರಲಿ, ತಾನಾಗಿ ಬಣ್ಣ ತಿದ್ದುವ ಆಯ್ಕೆಯನ್ನು ಆಫ್ ಮಾಡಿ. ಸ್ಕ್ಯಾನರ್ ಇಲ್ಲದಿದ್ದರೆ ನೆರಳಿನಲ್ಲಿಟ್ಟು, ಫ್ಲ್ಯಾಶ್ ಇಲ್ಲದೆ, ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಟ್ಟು ಮೊಬೈಲಿನಲ್ಲಿ ತೆಗೆಯಿರಿ. ಹರಿದ ಕಡೆ ಅಸಲಿಗೆ ಸೆಲ್ಲೊಟೇಪ್ ಹಚ್ಚಲೇಬೇಡಿ.

ಅನೇಕ ನಾಲ್ಕು ಬಣ್ಣದ ಪ್ರಿಂಟರ್‌ಗಳು ಫೋಟೊ ಕಾಗದದ ಮೇಲೆ ನೀಲಿ, ಗುಲಾಬಿ, ಹಳದಿ ಇಂಕುಗಳನ್ನು ಬೆರೆಸಿಯೇ ಕಪ್ಪು, ಕಂದು ಮಾಡುತ್ತವೆ. ಒಂದು ತುಸು ಹೆಚ್ಚಾದರೆ ಹಸಿರು ಛಾಯೆ, ಇನ್ನೊಂದು ಹೆಚ್ಚಾದರೆ ಕೆಂಪು. ಪ್ರಿಂಟರಿನಲ್ಲಿ ನೀವು ಹಾಕಿದ ಕಾಗದದ ಜಾತಿಯನ್ನೇ ಆಯ್ಕೆ ಮಾಡಿ. ಬಣ್ಣ ತಿದ್ದುವ ಕೆಲಸವನ್ನು ಕಂಪ್ಯೂಟರಿಗೋ ಪ್ರಿಂಟರಿಗೋ ಒಂದಕ್ಕೇ ಬಿಡಿ. ಎರಡೂ ತಿದ್ದಿದರೆ ಕೆಟ್ಟಂತೆಯೇ.

ಬಣ್ಣ ಕೊಡುವಾಗ ಕಂದು ನಡುಛಾಯೆಯಲ್ಲಿ ಹೆಚ್ಚು ಇರಲಿ, ಕಡು ನೆರಳು ಕಪ್ಪಿನ ಹತ್ತಿರ ಉಳಿಯಲಿ, ಅಚ್ಚ ಬಿಳಿಯನ್ನು ಮುಟ್ಟಬೇಡಿ. ದೊಡ್ಡ ಕಾಗದ ಹಾಳು ಮಾಡುವ ಬದಲು, ಮುಖ ಮತ್ತು ಅಂಗಿ ಇರುವಷ್ಟು ಭಾಗವನ್ನು ನಾಲ್ಕೈದು ಬಗೆಯ ಕಂದಿನಲ್ಲಿ ಒಂದೇ ಹಾಳೆಗೆ ಪ್ರಿಂಟ್ ಹಾಕಿ. ಕೂಡಲೇ ತೀರ್ಮಾನ ಬೇಡ, ಒಣಗುವಾಗ ಬಣ್ಣ ಬದಲಾಗುತ್ತದೆ. ಒಂದು ದಿನ ಬಿಟ್ಟು, ಅಸಲಿನ ಪಕ್ಕ ಇಟ್ಟು, ಹಗಲು ಬೆಳಕಿನಲ್ಲಿ ನೋಡಿ. ರಾತ್ರಿ ಎಲ್‌ಇಡಿ ಬಲ್ಬಿನಡಿ ಸರಿಯೆನಿಸಿದ್ದು ಬೆಳಗ್ಗೆ ಹಸಿರಾಗಿ ಕಂಡದ್ದು ನನಗೇ ಆಗಿದೆ.

ಅಸಲಿನ ಕಾಗದವೂ ವಯಸ್ಸಾಗಿ ಹಳದಿಯಾಗಿರುತ್ತದಲ್ಲ, ಅದನ್ನೂ ಉಳಿಸಬೇಕೇ? ಇದನ್ನು ಮನೆಯವರನ್ನೇ ಕೇಳಬೇಕು. ನಾನು ದಾದಿಗೆ ಎರಡು ಪ್ರಿಂಟ್ ಒಯ್ದೆ. ಒಂದು ಈಗ ಇರುವ ಹಾಗೆಯೇ, ಇನ್ನೊಂದು ಸ್ಟುಡಿಯೊದಿಂದ ಬಂದ ದಿನ ಇದ್ದಿರಬಹುದಾದ ಹಾಗೆ.

ಅವರು ಎರಡನೆಯದನ್ನು ತೆಗೆದುಕೊಂಡರು. ಮುಖ ನೋಡುವ ಮೊದಲು ಅಂಗಿ ನೋಡಿದರು. ‘ಈಗ ಬೆಳ್ಳಗೈತಿ’ ಎಂದರು.

ಆಮೇಲೆ ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿಯಿಂದಲೂ ಫೋಟೊಗಳು ಬಂದವು. ಒಂದರ ಕಂದು ಕೆಂಪು ಮಣ್ಣಿನಂತೆ, ಇನ್ನೊಂದರದು ಹಾಲು ಕಡಿಮೆಯಾದ ಚಹಾದಂತೆ. ಎಲ್ಲದಕ್ಕೂ ಒಂದೇ ಬಟನ್ ಸಾಕಾಗುವುದಿಲ್ಲ. ನಿಮ್ಮ ಮನೆಯ ಟ್ರಂಕಿನಲ್ಲೂ ಇಂಥದೊಂದು ಇರಬಹುದು. ಗೆದ್ದಲಿಗೆ ಮೊದಲು ನೀವು ಅದನ್ನು ಹೊರಗೆ ತೆಗೆಯಿರಿ. ಆ ಅಂಗಿಯ ಬಣ್ಣ ನೆನಪಿರುವವರು ಮನೆಯಲ್ಲಿ ಇರುವಾಗಲೇ ಅವರನ್ನು ಕೂರಿಸಿಕೊಂಡು ಪ್ರಿಂಟ್ ತೆಗೆಯಿರಿ.