ಹಲ್ಲಿನ ಬುಡಕ್ಕೂ ಬೇಕು ಮುಂಚಿನ ಔಷಧಿ



ಕೊಳೆರೋಗ ಬಂದ ಮೇಲೆ ಬೋರ್ಡೋ ದ್ರಾವಣ ಹೊಡೆದರೆ ಉದುರಿದ ಕಾಯಿ ಮರಳಿ ಗೊನೆ ಸೇರುವುದಿಲ್ಲ. ಆದುದರಿಂದಲೇ ಮುಂಗಾರಿಗೆ ಮೊದಲೊಮ್ಮೆ, 40-45 ದಿನ ಕಳೆದು ಇನ್ನೊಮ್ಮೆ ಸಿಂಪಡಿಸುತ್ತೇವೆ. ಹಲ್ಲಿನ ವಿಷಯದಲ್ಲಿ ಈ ವಿವೇಕ ನನಗಿರಲಿಲ್ಲ. ಹೋದ ವರ್ಷ ನನ್ನ ಒಂದು ದವಡೆ ಹಲ್ಲು ನೋವೇ ಇಲ್ಲದೆ ಬುಡದಲ್ಲಿ ಹುಳುಕಾಗಿ, ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ ಮುರಿದೇಹೋಯಿತು. ಆಗ ದಂತವೈದ್ಯರಿಂದ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಲ್ಲಿನ ಮೇಲ್ಭಾಗಕ್ಕೆ ಎನಾಮಲ್ ಎಂಬ ಗಟ್ಟಿ ಕವಚವಿದೆ, ಬೇರಿಗೆ ಅದಿಲ್ಲ. ವಯಸ್ಸಾದಂತೆ ವಸಡು ಸರಿದು, ಬುಡದ ಮಣ್ಣು ಕೊಚ್ಚಿಹೋದ ಗಿಡದಂತೆ ಬೇರು ಹೊರಬೀಳುತ್ತದೆ. ಸಿಹಿ ತಿಂದಾಗ ಬಾಯಿಯ ಸೂಕ್ಷ್ಮಾಣುಗಳು ಆಮ್ಲ ಉಂಟುಮಾಡುತ್ತವೆ. ಎನಾಮಲ್ ಕರಗಲು ಪಿ.ಎಚ್. ಸುಮಾರು 5.5ಕ್ಕೆ ಇಳಿಯಬೇಕು, ಬೇರಾದರೋ ಪಿ.ಎಚ್. 6ರ ಮೇಲಿರುವಾಗಲೇ ಕರಗತೊಡಗುತ್ತದೆ. ಮಣ್ಣು ಪರೀಕ್ಷೆ ಮಾಡಿಸುವ ನಮಗೆ ಈ ಅಂತರ ಅರ್ಥವಾಗದಿರದು. ರಕ್ತದೊತ್ತಡ ಮೊದಲಾದವುಗಳ ಕೆಲವು ಮಾತ್ರೆಗಳಿಂದ ಜೊಲ್ಲು ಕಡಿಮೆಯಾದರೆ ಅಪಾಯ ಮತ್ತೂ ಹೆಚ್ಚು.

ಫ್ಲೋರೈಡ್ ಹಲ್ಲಿನ ಖನಿಜಾಂಶ ಕರಗದಂತೆ ತಡೆಯುತ್ತದೆ. ಕರಗಿದ್ದು ಮರಳಿ ಕೂಡಿಕೊಳ್ಳಲು ನೆರವಾಗುತ್ತದೆ. ವೈದ್ಯರು ಶೇ. 5ರ ಸೋಡಿಯಂ ಫ್ಲೋರೈಡ್ ವಾರ್ನಿಶನ್ನು 3ರಿಂದ 6 ತಿಂಗಳಿಗೊಮ್ಮೆ ಬೇರಿಗೆ ಹಚ್ಚುತ್ತಾರೆ. ಕೆಲವೇ ನಿಮಿಷದ ಕೆಲಸ, ನೋವಿಲ್ಲ. ಹಚ್ಚಿಸಿಕೊಂಡ ದಿನ ಗಟ್ಟಿ ತಿನಿಸೂ ಎಲೆಅಡಿಕೆಯೂ ಬೇಡ. ಹುಳುಕು ಆಗಲೇ ಶುರುವಾಗಿದ್ದರೆ ಶೇ. 38ರ ಸಿಲ್ವರ್ ಡೈಅಮೀನ್ ಫ್ಲೋರೈಡ್ ಅದನ್ನು ತಡೆಯಬಲ್ಲದು. ಆದರೆ ಆ ಜಾಗ ಕಪ್ಪಾಗುತ್ತದೆ.

ಪಾವಗಡ, ಕೋಲಾರದ ಕಡೆ ಕೊಳವೆ ಬಾವಿ ನೀರಿನ ಫ್ಲೋರೈಡಿನಿಂದ ಹಲ್ಲು, ಮೂಳೆ ಕೆಟ್ಟವರನ್ನು ಕಂಡವರಿಗೆ ಭಯವಾಗುವುದು ಸಹಜ. ಅಲ್ಲಿ ವರ್ಷಗಟ್ಟಲೆ ಕುಡಿದು ಮೈಗೆ ಸೇರಿದ್ದು. ಇಲ್ಲಿ ಅಲ್ಪ ಪ್ರಮಾಣವನ್ನು ಮೇಲೆ ಲೇಪಿಸುವುದು.

ಮನೆಯಲ್ಲಿ ಮಾಡಬೇಕಾದದ್ದು ಇಷ್ಟು: ಫ್ಲೋರೈಡ್ ಇರುವ ಪೇಸ್ಟಿನಿಂದ ದಿನಕ್ಕೆರಡು ಬಾರಿ ಮೃದುವಾದ ಬ್ರಷ್ಷಿನಲ್ಲಿ ಉಜ್ಜಿ, ನೊರೆ ಉಗುಳಿ, ನೀರಿನಿಂದ ಬಹಳ ಮುಕ್ಕಳಿಸದಿರುವುದು. ಉಮಿಕರಿ, ಇದ್ದಲಿನ ಪುಡಿ ಬೇರನ್ನು ಸವೆಸುತ್ತವೆ. ನಾವೇ ಬೆಳೆದ ಅಡಿಕೆಯ ಬಗ್ಗೆ ಹೇಳಲು ಸಂಕೋಚವಾದರೂ ಹೇಳಲೇಬೇಕು: ಸದಾ ಜಗಿಯುವವರ ಹಲ್ಲು ಸವೆಯುತ್ತದೆ, ವಸಡು ಕೆಡುತ್ತದೆ. ನಾನೂ ಕಡಿಮೆ ಮಾಡಿದ್ದೇನೆ.

ಈ ಸಲ ಔಷಧಿ ಹೊಡೆಯಲು ಆಳು ಗೊತ್ತುಮಾಡುವಾಗಲೇ ದಂತವೈದ್ಯರಲ್ಲಿಗೆ ಹೋಗಲೂ ಒಂದು ದಿನ ಗೊತ್ತುಮಾಡಿಕೊಳ್ಳಿ. ಹೋದ ಫಸಲು ಮುಂದಿನ ವರ್ಷ ಬಂದೀತು; ಹೋದ ಹಲ್ಲು ಬಾರದು.

– ಕಾರ್ಯದರ್ಶಿ